ಮಾಮನ ತಲೆಯೊಳಗೆ ಹತ್ತು ನಿಮಿಷ

ಸೆಕೆಂಡ್ ಲೈಫ್ ನೆನಪಿದೆಯಾ? ಸ್ಯಾನ್ ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ 2003ರಲ್ಲಿ ಶುರುಮಾಡಿದ ಆನ್‌ಲೈನ್ ಲೋಕ. ನಮಗೊಂದು ಅವತಾರ ಕೊಟ್ಟು ಹಾರಾಡೋಕೆ ಬಿಡ್ತಿತ್ತು. ಅಮೆರಿಕದ ಎಷ್ಟೋ ಯೂನಿವರ್ಸಿಟಿಗಳು ಅಲ್ಲಿ ದ್ವೀಪ ಕೊಂಡು ಕ್ಲಾಸ್‌ರೂಮ್ ಕಟ್ಟಿದವು. ಹಾರಬಲ್ಲ ವಿದ್ಯಾರ್ಥಿಯನ್ನೂ ಬೆಂಚಿನ ಮೇಲೆ ಕೂರಿಸಿ ಪವರ್‌ಪಾಯಿಂಟ್ ತೋರಿಸೋದು ನೋಡಿ ನನಗೆ ನಗು ಬಂದಿತ್ತು.

ಒಂದು ಜಾಗದಲ್ಲಿ ಮಾತ್ರ ನಗು ನಿಂತಿತು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್ಸಿನ ಮನೋವೈದ್ಯ ಪೀಟರ್ ಯೆಲೋಲೀಸ್ ಅಲ್ಲೊಂದು ಆಸ್ಪತ್ರೆ ಕಟ್ಟಿಸಿದ್ದರು. ಸ್ಕಿಜೋಫ್ರೇನಿಯಾ ಇರುವವರನ್ನು ಮಾತಾಡಿಸಿ, ಅವರಿಗೆ ಕಂಡದ್ದು, ಕೇಳಿಸಿದ್ದನ್ನೇ ಇಟ್ಟುಕೊಂಡು ಮಾಡಿದ್ದು. ಒಳಗೆ ನಡೆದರೆ ಹೀಗಳೆಯುವ ದನಿಗಳು ಬೆನ್ನು ಹತ್ತುತ್ತಿದ್ದವು. ಪೋಸ್ಟರಿನ ಅಕ್ಷರ ಕಣ್ಣೆದುರೇ ಬೈಗುಳವಾಗುತ್ತಿತ್ತು. ಕಾಲಡಿಯ ನೆಲ ಕಳಚಿಬೀಳುತ್ತಿತ್ತು.

ರಾತ್ರಿ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಹೋದೆ. ಹತ್ತು ನಿಮಿಷ ಆಗಿರಬೇಕು, ಕ್ಲೋಸ್ ಮಾಡಿ ಎದ್ದು ಟೀ ಮಾಡ್ಕೊಂಡೆ. ದನಿ ನಿಂತಿತ್ತು.

ನಮ್ಮ ಮಾಮನಿಗೆ ನಿಲ್ಲೋದಿಲ್ಲ. ಊಟದ ನಡುವೆ ಗೋಡೆ ಕಡೆ ತಿರುಗಿ "ಸುಮ್ನಿರ್ರೋ" ಅಂತಾನೆ. ಚಿಕ್ಕಂದಿನಲ್ಲಿ ಅದನ್ನ ಮಿಮಿಕ್ರಿ ಮಾಡಿ ಮಕ್ಕಳನ್ನೆಲ್ಲ ನಗಿಸುತ್ತಿದ್ದವನು ನಾನೇ.

ಇನ್ನೊಬ್ಬರ ಸಂಕಟಕ್ಕೆ ಹೀಗೆ ಟೂರ್ ಹೋಗಿಬರೋದು ಸರಿಯಾ? ಅದು ನಕಲಿ ಅನ್ನೋದು ನನ್ನ ತಕರಾರಲ್ಲ. ಹೊರಬಂದವನು "ಗೊತ್ತಾಯ್ತು" ಅಂದುಬಿಡ್ತಾನಲ್ಲ, ಭಯ ಅದರದ್ದು. ನಾನು ಕೇಳಿದ ದನಿ ಯಾರೋ ರೆಕಾರ್ಡ್ ಮಾಡಿಟ್ಟದ್ದು ಅಂತ ನನಗೆ ಗೊತ್ತಿತ್ತು. ಮಾಮನಿಗೆ ಆ ಸಮಾಧಾನ ಇಲ್ಲ. ಮೇಲಾಗಿ ಮನೆಯವರು ಯಾರೂ ನಂಬಲ್ಲ. ಇದನ್ನ ಯಾವ ಸಾಫ್ಟ್‌ವೇರಿನಲ್ಲಿ ಕಟ್ಟೋದು? ಹಾಗಂತ ಪಠ್ಯಪುಸ್ತಕವೇ ಸಾಕು ಅನ್ನಲಾರೆ. ಎರಡು ಮಾರ್ಕಿಗೆ ಉರುಹೊಡೆದ ವ್ಯಾಖ್ಯೆ ಯಾರನ್ನೂ ಹೆದರಿಸಿ ಎಬ್ಬಿಸಿಲ್ಲ. ಮಾಮನನ್ನು ನೋಡುವ ಡಾಕ್ಟರು ಓದುವಾಗ ಒಮ್ಮೆ ಆ ಆಸ್ಪತ್ರೆಯೊಳಗೆ ಓಡಾಡಿ ಬಂದಿರಲಿ ಅಂತಲೇ ನನ್ನಾಸೆ. ಆದರೆ ಬಂದಮೇಲೆ ಕ್ಲಾಸಿನಲ್ಲಿ ಮಾಮನಂಥವರೊಬ್ಬರು ಕೂತಿರಬೇಕು, "ಇದು ಹೀಗಲ್ಲಪ್ಪಾ" ಅನ್ನೋಕೆ.

ಆ ದೀಪಾವಳಿಗೆ ಊರಿಗೆ ಹೋದಾಗ ಮಾಮ ಮತ್ತೆ ಗೋಡೆ ಕಡೆ ತಿರುಗಿದ. ಮೊದಲ ಸಲ ಕೇಳಿದೆ: "ಏನಂತಾರೆ ಮಾಮ?"

ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ನಿಂಗ್ಯಾಕೋ ಅದೆಲ್ಲ, ಊಟ ಮಾಡು" ಅಂತ ಸಾರಿನ ಪಾತ್ರೆ ನನ್ನ ಕಡೆ ತಳ್ಳಿದ.