ಗಾಲಿಯದೋ, ಕಾಲಿನದೋ?

ಭಾನುವಾರದ ಬೆಳಗ್ಗೆ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯುವುದು ನನಗೂ ಸಹೋದ್ಯೋಗಿ ಮಿತ್ರರೊಬ್ಬರಿಗೂ ಆರೇಳು ವರ್ಷದ ಅಭ್ಯಾಸ. ಇಬ್ಬರದೂ ಒಂದೇ ಬಗೆಯ ರೇಸ್ ಸೈಕಲು. ಆದರೂ ಅವರು ಸದಾ ಒಂದು ತಿರುವು ಮುಂದೆ. ಹೋದ ತಿಂಗಳು ಅಂಗಡಿಯಲ್ಲಿ ಒಂದು ಜೋಡಿ ಕಾರ್ಬನ್ ಗಾಲಿ ಕಂಡೆ. ಎತ್ತಿದರೆ ಮೊರದಂತೆ ಹಗುರ. ಬೆಲೆ 40,000 ರೂಪಾಯಿ. "ಅರ್ಧ ಕಿಲೋ ಇಳಿಯುತ್ತೆ ಸಾರ್, ಬೆಟ್ಟ ತಾನೇ ಹತ್ತಿಸುತ್ತೆ" ಎಂದ ಅಂಗಡಿಯಾತ.

ಮನೆಗೆ ಬಂದು ಲೆಕ್ಕ ಹಾಕಿದೆ. ನಾನೂ ಸೈಕಲೂ ಕೂಡಿ 85 ಕಿಲೋ. ಅದರಲ್ಲಿ ಅರ್ಧ ಕಿಲೋ ಇಳಿದರೆ ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಸುಮಾರು ಹತ್ತು ಸೆಕೆಂಡು. ಆಳವಾದ ರಿಮ್ಮು ಗಾಳಿಯ ತಡೆಯನ್ನು ತಗ್ಗಿಸುವುದುಂಟು. ಆದರೆ ಆ ಲಾಭ ಬಯಲಿನ ಓಟಕ್ಕೇ ಹೆಚ್ಚು. ಹತ್ತು ಸೆಕೆಂಡಿಗೆ ಇಷ್ಟು ಹಣವೇ ಎಂದಿತು ಜಿಪುಣ ಮನಸ್ಸು. ನನ್ನನ್ನು ಕಾಡಿದ ಪ್ರಶ್ನೆ ಬೇರೆ: ಆ ಹತ್ತು ಸೆಕೆಂಡು ಯಾರದು?

1972ರಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರು ತುಳಿದ. 1984ರಲ್ಲಿ ಇಟಲಿಯ ಮೋಸರ್ ಅದೇ ಊರಿನಲ್ಲಿ, ಕಡ್ಡಿಗಳಿಲ್ಲದ ತಟ್ಟೆಯಂಥ ಗಾಲಿಗಳ ಮೇಲೆ, 51ನ್ನು ದಾಟಿದ. 1996ರಲ್ಲಿ ಇಂಗ್ಲೆಂಡಿನ ಬೋರ್ಡ್‌ಮನ್, ಹೊಸ ಸೈಕಲಿನ ಮೇಲೆ ಮೈಚಾಚಿ, 56ನ್ನೂ ದಾಟಿದ. ಕಡೆಗೆ 2000ದಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು, ದಾಖಲೆ ಬೇಕಾದರೆ ಮರ್ಕ್ಸನ ಕಾಲದಂಥ ಸೈಕಲನ್ನೇ ತುಳಿಯಬೇಕೆಂದು ಕಟ್ಟು ಹಾಕಿತು. ಅದೇ ವರ್ಷ ಅದೇ ಬೋರ್ಡ್‌ಮನ್ ಕಡ್ಡಿಗಾಲಿಯ ಸೈಕಲ್ ಹತ್ತಿದ. ಮರ್ಕ್ಸನಿಗಿಂತ ಅವನು ಮುಂದೆ ಹೋದದ್ದು ಹತ್ತೇ ಮೀಟರು!

ಹಾಗಾದರೆ ಮರ್ಕ್ಸನದು ಬರಿಯ ಕಾಲಿನ ಬಲವೇ? ಅದನ್ನೂ ಹೇಳುವಂತಿಲ್ಲ. ಅವನೂ ಅತಿ ಹಗುರವಾದ ಸೈಕಲ್ ಮಾಡಿಸಿಕೊಂಡಿದ್ದ. ಗಾಳಿ ತೆಳುವಾದ ಎತ್ತರದ ಊರನ್ನು ಆರಿಸಿಕೊಂಡಿದ್ದ. ಉಪಕರಣದ ಋಣವಿಲ್ಲದ ಸಾಧನೆ ಎಲ್ಲಿಯೂ ಇರಲಾರದು. ಕನ್ನಡಕವಿಲ್ಲದೆ ನಾನೇ ಪಾಠ ಹೇಳಲಾರೆ. ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ಪಡೆದ ನೆರವನ್ನು ಮುಚ್ಚಿಟ್ಟು ನನ್ನದೇ ಬಲವೆಂದು ಮೆರೆಯುವುದರಲ್ಲಿ ತಪ್ಪಿದೆ.

ಒಬ್ಬನೇ ಬೆಟ್ಟ ಹತ್ತುವವನಾಗಿದ್ದರೆ ಆ ಗಾಲಿಯನ್ನು ಬಯಸುತ್ತಿದ್ದೆನೇ? ಮನಸ್ಸಿನೊಳಗೆ ಇಣುಕಿ ನೋಡಿದಾಗ ಅಲ್ಲಿ ಕಂಡದ್ದು ಮಿತ್ರರ ಬೆನ್ನು. ನಾಚಿಕೆಯಾಯಿತು. ಮುಂದಿನ ಭಾನುವಾರ ಎಲ್ಲವನ್ನೂ ಅವರಿಗೇ ಹೇಳಿಬಿಟ್ಟೆ. ಅವರು ನಕ್ಕು, "ಧಾರಾಳವಾಗಿ ಕೊಳ್ಳಿ ಮೇಷ್ಟ್ರೇ. ಒಂದು ವಾರ ನಿಮಗೆ, ಒಂದು ವಾರ ನನಗೆ" ಎಂದರು.

ನಾನಿನ್ನೂ ಕೊಂಡಿಲ್ಲ. ಹಂಚಿಕೊಳ್ಳಬೇಕಾಗಿ ಬಂದ ಮೇಲೆ ಆ ಗಾಲಿಯ ಮೇಲಿನ ಆಸೆ ಏಕೋ ಇಳಿದುಹೋಗಿದೆ.