ವಾಯಿದೆ ಮೀರಿದ ಋಣ

ಸಾಲವನ್ನು ತೀರಿಸತಕ್ಕವನು ಸಾಲಗಾರನೋ, ಕಾಲವೋ? ಮೇಲುನೋಟಕ್ಕೆ ಇದು ವಿನೋದದ ಪ್ರಶ್ನೆಯಂತೆ ತೋರಬಹುದು. ಆದರೆ ಗೃಹಸ್ಥನಾದ ಭಕ್ತನ ಮನೆಯ ಪೆಟ್ಟಿಗೆಯಲ್ಲಿ ತಂದೆಯ ಕಾಲದ ಲೆಕ್ಕದ ಪುಸ್ತಕವೊಂದು ದೊರೆತು, ಅದರಲ್ಲಿ ಕೊಡತಕ್ಕ ಬಾಕಿಯ ಸಾಲೊಂದು ಕಣ್ಣಿಗೆ ಬಿದ್ದ ದಿನ ಆ ವಿನೋದವು ಅಲ್ಲಿಯೇ ನಿಲ್ಲುವುದು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಸೀಮೆಯಲ್ಲಿ ತೆಂಗೇ ಬದುಕು. ಬಲಿತ ಕಾಯನ್ನು ಕೆಡವಿ ಅಟ್ಟಕ್ಕೇರಿಸಿದ ಮೇಲೆ ಒಳಗಿನ ನೀರು ಇಂಗಿ, ಕೊಬ್ಬರಿಯು ಉಂಡೆಯಾಗಿ ಚಿಪ್ಪು ಬಿಡುವುದಕ್ಕೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಕಾಯಿ ಕಾಯುವುದು, ಮನೆಯ ಖರ್ಚು ಕಾಯುವುದಿಲ್ಲ. ಮಗಳ ಮದುವೆ, ಬಾವಿಯ ಕೆಲಸ, ಒಂದು ಕಾಯಿಲೆ, ಯಾವುದಾದರೊಂದು ಬಂದೇ ಬರುವುದು. ಆದಕಾರಣ ಅಟ್ಟದ ಮೇಲಣ ಕಾಯನ್ನು ನಂಬಿ ಮಂಡಿಯಲ್ಲಿ ಮುಂಗಡ ತರುವುದು, ನೆರೆಯವನಲ್ಲಿ ಕೈಸಾಲ ಪಡೆಯುವುದು ಇಲ್ಲಿಯ ಸಂಸಾರಗಳಿಗೆ ಹೊಸತಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆಯು ಮುಂದಿನ ವರ್ಷಗಳಲ್ಲಿ ಈ ಸೀಮೆಯ ತೋಟಗಳಿಗೂ ಹಬ್ಬಿ ಕಾಯಿಗಳು ಸೊರಗಿದಾಗ, ತೀರಿಸುವ ಮನಸ್ಸಿದ್ದವನ ಕೈಯೂ ಬರಿದಾಯಿತು.

ಅಂತಹ ಒಂದು ಮನೆಯನ್ನು ಭಾವಿಸಬಹುದು. ತಂದೆಯು ಬೆಳೆ ಕೆಟ್ಟ ವರ್ಷ ನೆರೆಯ ರೈತನೊಬ್ಬನಿಂದ ಇಪ್ಪತ್ತು ಸಾವಿರ ರೂಪಾಯಿ ತಂದನು. ಪತ್ರವಾಯಿತು, ವರ್ಷಗಳು ಕಳೆದವು, ಕೊಟ್ಟವನು ದಾಕ್ಷಿಣ್ಯಪರನಾದ್ದರಿಂದ ಕೇಳಲಿಲ್ಲ. ಇಬ್ಬರೂ ಲಿಂಗೈಕ್ಯರಾದರು. ಈಗ ಕೊಟ್ಟವನ ಹೆಂಡತಿ ಪಕ್ಕದ ಕೇರಿಯಲ್ಲಿ ಮಗನ ಆಶ್ರಯದಲ್ಲಿದ್ದಾಳೆ. ಆಕೆಗೆ ಈ ಸಾಲದ ಸುದ್ದಿಯೇ ತಿಳಿಯದು. ಪುಸ್ತಕವನ್ನು ಕಂಡ ಮಗನು ವಕೀಲರನ್ನು ಕೇಳಿದರೆ ಅವರು ನಕ್ಕು, “ವಾಯಿದೆ ಮೀರಿ ಎಷ್ಟೋ ಕಾಲವಾಯಿತಲ್ಲ, ಸ್ವಾಮಿ, ನೀವೇಕೆ ಚಿಂತಿಸುತ್ತೀರಿ?” ಎಂದಾರು. ವಕೀಲರ ಮಾತು ಶಾಸನಸಮ್ಮತವೇ ಸರಿ. ಅದು ಎಷ್ಟರಮಟ್ಟಿಗೆ ಎಂಬುದನ್ನು ಮಾತ್ರ ನೋಡಬೇಕಾಗಿದೆ.

1963ರ ಕಾಲಪರಿಮಿತಿ ಅಧಿನಿಯಮದಂತೆ ಕೈಸಾಲಕ್ಕೆ ದಾವೆ ಹೂಡಲು ಮೂರು ವರ್ಷದ ಅವಧಿಯುಂಟು. ಸ್ಥಿರಾಸ್ತಿಯ ಆಧಾರದ ಮೇಲಣ ಸಾಲಕ್ಕೆ ಹನ್ನೆರಡು ವರ್ಷ. ಅವಧಿ ಮುಗಿಯುವ ಮೊದಲೇ ಸಾಲಗಾರನು ಬರೆದು ಸಹಿ ಮಾಡಿ ಸಾಲವನ್ನು ಒಪ್ಪಿಕೊಂಡರೆ ಅಂದಿನಿಂದ ಮತ್ತೆ ಲೆಕ್ಕ ಮೊದಲಾಗುವುದು. ಮೀರಿದ ಮೇಲೆ ಬಂದ ದಾವೆಯನ್ನು, ಪ್ರತಿವಾದಿಯು ಆ ಮಾತನ್ನೆತ್ತದಿದ್ದರೂ, ನ್ಯಾಯಾಲಯವು ವಜಾ ಮಾಡತಕ್ಕದ್ದು. ಇದು ಅನ್ಯಾಯವೆಂದು ತಟ್ಟನೆ ಹೇಳಿಬಿಡಬಾರದು. ಮೂವತ್ತು ವರ್ಷದ ಹಿಂದಿನ ಪತ್ರವನ್ನು ಹಿಡಿದು ಬಾಗಿಲಿಗೆ ಬಂದವನ ಎದುರು ಬಡ ರೈತನು ಏನನ್ನು ತೋರಿಸಬಲ್ಲನು? ತೀರಿಸಿದ್ದಕ್ಕೆ ರಸೀತಿಯು ಗೆದ್ದಲ ಪಾಲಾಗಿರುತ್ತದೆ, ಸಾಕ್ಷಿಗಳು ಸಮಾಧಿಯಲ್ಲಿರುತ್ತಾರೆ. ದುರ್ಬಲನಿಗೆ ಈ ಶಾಸನವೊಂದು ಬೇಲಿ. ಬೇಲಿಯನ್ನು ಕಿತ್ತೊಗೆಯಬೇಕೆಂದು ಯಾವ ಧರ್ಮಜ್ಞನೂ ಹೇಳಲಾರನು.

ಆದರೆ ಬೇಲಿಯ ಒಳಗೆ ನಿಂತವನು ತನ್ನ ಸಾಲವೇ ಸತ್ತಿತೆಂದು ತಿಳಿದರೆ, ಶಾಸನವೇ ಅವನ ಮಾತಿಗೆ ಒಪ್ಪುವುದಿಲ್ಲ. ಮುಂಬಯಿಯ ಗಿರಣಿಯೊಂದರ ಕಾರ್ಮಿಕರಿಗೆ ಪಾವತಿಯಾಗದೆ ಉಳಿದ ಕೂಲಿಯನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಹೇಳಿದ್ದು ಇದನ್ನೇ: ಅವಧಿ ಮೀರಿದರೆ ವಸೂಲಿಯ ದಾರಿ ಮುಚ್ಚುವುದು, ಋಣವು ಅಳಿಯುವುದಿಲ್ಲ. 1872ರ ಕರಾರು ಅಧಿನಿಯಮವು ಇನ್ನೂ ಸೂಕ್ಷ್ಮವಾಗಿದೆ. ವಾಯಿದೆ ಮೀರಿದ ಸಾಲವನ್ನು ಕೊಡುವೆನೆಂದು ಸಾಲಗಾರನು ಸ್ವಇಚ್ಛೆಯಿಂದ ಬರೆದು ಸಹಿ ಮಾಡಿದರೆ, ಹೊಸದಾಗಿ ಏನನ್ನೂ ಪಡೆಯದಿದ್ದರೂ ಆ ಮಾತು ಅವನನ್ನು ಕಟ್ಟುತ್ತದೆ. ಯಾವ ಬಾಬ್ತಿಗೆಂದು ಹೇಳದೆ ಹಣ ಕೊಟ್ಟರೆ ಸಾಲಕೊಟ್ಟವನು ಅದನ್ನು ಆ ಹಳೆಯ ಬಾಕಿಗೇ ಜಮಾ ಮಾಡಿಕೊಳ್ಳಬಹುದು. ಸತ್ತ ಸಾಲಕ್ಕೆ ಯಾರಾದರೂ ಜಮಾ ಬರೆಯುವರೇ? ಉಸಿರು ಇರುವುದರಿಂದಲೇ ಇದೆಲ್ಲ ಸಾಧ್ಯವಾಯಿತು. ಶಾಸನವು ಕೈಕಟ್ಟಿ ಕುಳಿತಿದೆಯಷ್ಟೇ; ಕಣ್ಣು ಮುಚ್ಚಿಲ್ಲ.

ನಮ್ಮ ನಾಡಿನ ಹಳೆಯ ವ್ಯವಹಾರಶಾಸ್ತ್ರವು ಈ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಕಂಡಿತು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಮುಂದೆ ಬಸವಣ್ಣನವರು ಭಂಡಾರದ ಹೊಣೆ ಹೊತ್ತದ್ದೂ ಅದೇ ಕಲ್ಯಾಣದಲ್ಲಿ. ಸ್ಮೃತಿಕಾರರು ತಂದೆಯ ಸಾಲವನ್ನು ಮಗನ ಮೇಲೆ ಹೊರಿಸಿದರು. ಅಜ್ಜನ ಸಾಲದಲ್ಲಿ ಮೊಮ್ಮಗನು ಬಡ್ಡಿಯಿಲ್ಲದೆ ಅಸಲನ್ನು ಮಾತ್ರ ಕೊಡಬೇಕೆಂದೂ, ಮರಿಮಗನಿಗೆ ಆ ಹೊರೆಯಿಲ್ಲವೆಂದೂ ಬೃಹಸ್ಪತಿಯ ಮತ. ಕುಡಿತ, ಜೂಜುಗಳಿಗಾಗಿ ಮಾಡಿದ ಸಾಲಕ್ಕೆ ಮಗನು ಹೊಣೆಯಲ್ಲ. ಬಡ್ಡಿಯು ಅಸಲನ್ನು ಮೀರಿ ಬೆಳೆಯಬಾರದೆಂಬ ಕಟ್ಟೂ ಇತ್ತು. ಅಂದರೆ ಅವರು ಕಾಲವನ್ನು ವರ್ಷಗಳಲ್ಲಿ ಅಳೆಯದೆ ತಲೆಮಾರುಗಳಲ್ಲಿ ಅಳೆದರು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು, ಅಲ್ಲಿಂದ ಮುಂದಿನ ಸಾಲಗಳ ಮಟ್ಟಿಗೆ, ಮಗನೆಂಬ ಧರ್ಮದ ಬಾಧ್ಯತೆಯೊಂದನ್ನೇ ಹಿಡಿದು ಅವನ ಮೇಲೆ ದಾವೆ ನಡೆಸುವುದನ್ನು ನಿಲ್ಲಿಸಿದೆ. ಇದೂ ಒಳ್ಳೆಯದೇ. ಪಿತೃಋಣವೆಂಬ ಪವಿತ್ರವಾದ ಮಾತನ್ನು ಅಮೀನನ ಕೈಗೆ ಕೊಟ್ಟದ್ದರಿಂದ ಅದರ ಪಾವಿತ್ರ್ಯವೇನೂ ಹೆಚ್ಚಿರಲಿಲ್ಲ.

ಹಾಗಾದರೆ ಅಮೀನನಿಲ್ಲದೆಡೆಯಲ್ಲಿ ಭಕ್ತನನ್ನು ಹಿಡಿದು ನಿಲ್ಲಿಸುವುದು ಯಾವುದು? ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ಅರಿಯದ ವಾಚಕರಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ತಂದನು. ಲಕ್ಕಮ್ಮ ಅದನ್ನು ಒಲೆಗೇರಿಸದೆ, ಹೆಚ್ಚಿನದನ್ನು ಆಯ್ದಲ್ಲಿಯೇ ಸುರಿದು ಬರಲು ಹೇಳಿದಳು. ಈ ಕಥೆಯನ್ನು ದುರಾಸೆಯ ನಿಷೇಧಕ್ಕೆ ಉದಾಹರಿಸುವುದು ವಾಡಿಕೆ. ಆದರೆ ಇನ್ನೊಂದು ಮುಖದಿಂದಲೂ ನೋಡಬಹುದು. ಆ ಹೆಚ್ಚಿನ ಅಕ್ಕಿಯನ್ನು ಕೇಳುವವರು ಯಾರಿದ್ದರು? ಚೆಲ್ಲಿದ್ದಕ್ಕೆ ಒಡೆಯನಿಲ್ಲ, ಅಳೆದವರಿಲ್ಲ, ಬರೆದಿಟ್ಟ ಲೆಕ್ಕವಿಲ್ಲ. ಕೇಳುವವರಿಲ್ಲವೆಂಬುದು ಲಕ್ಕಮ್ಮನಿಗೆ ಬಿಡುಗಡೆಯಾಗಿ ತೋರಲೇ ಇಲ್ಲ. ತನ್ನದಲ್ಲವೆಂಬುದೊಂದೇ ಆಕೆಗೆ ಸಾಕಾಯಿತು. ಕೆಂಕೆರೆಯ ಆ ಮಗನ ಮುಂದಿರುವುದೂ ಅದೇ ಅಕ್ಕಿ.

ನುಲಿಯ ಚಂದಯ್ಯನ ಪ್ರಸಂಗವು ಇದಕ್ಕಿಂತ ಕಠಿನವಾದುದು. ಹಗ್ಗಕ್ಕೆಂದು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ಜಾರಿ ಬಿದ್ದರೆ ಅವನು ತಿರುಗಿ ನೋಡದೆ ಕಾಯಕಕ್ಕೆ ನಡೆದನು. ಲಿಂಗವೇ ಬೆನ್ನಟ್ಟಿ ಬಂದರೂ ಕಾಯಕದ ಕಟ್ಟಿಗೆ ಒಳಪಡಿಸದೆ ಸ್ವೀಕರಿಸಲಿಲ್ಲ. ದೈವಕ್ಕೇ ಇಲ್ಲದ ವಿನಾಯಿತಿಯನ್ನು ಮೂರು ವರ್ಷದ ಪಂಚಾಂಗವು ಮನುಷ್ಯನಿಗೆ ಕೊಡಬಲ್ಲುದೇ?

ಇಲ್ಲಿ ಎದುರುವಾದಿಯು ಒಂದು ಮಾತನ್ನು ಹೇಳುವನು, ಅದು ತಳ್ಳಿಹಾಕತಕ್ಕ ಮಾತಲ್ಲ. ಋಣವು ಎಂದಿಗೂ ಅಳಿಯದಾದರೆ ಬಡ್ಡಿಯವನು ಮೊಮ್ಮಕ್ಕಳವರೆಗೂ ಹಿಂಡಲಿ ಎಂದಂತಾಗಲಿಲ್ಲವೇ? ಅಕ್ಷರವರಿಯದವನಿಂದ ಹಳೆಯ ಪತ್ರಕ್ಕೆ ಹೊಸ ಹೆಬ್ಬೆಟ್ಟು ಒತ್ತಿಸಿಕೊಂಡವರೂ ಈ ಲೋಕದಲ್ಲಿ ಉಂಟು. ಸಣ್ಣ ಹಿಡುವಳಿದಾರರ, ಭೂಹೀನ ಕೃಷಿಕೂಲಿಗಳ, ದುರ್ಬಲ ವರ್ಗದವರ ಸಾಲಗಳನ್ನು 1976ರ ಕರ್ನಾಟಕ ಋಣಪರಿಹಾರ ಅಧಿನಿಯಮವು ತೊಡೆದುಹಾಕಿತು. ಅಡವಿಟ್ಟ ಒಡವೆಗಳನ್ನು ಹಿಂದಿರುಗಿಸಬೇಕೆಂದಿತು. ಅಲ್ಲಿ ಮುಚ್ಚಿದ್ದು ದಾರಿ ಮಾತ್ರವಲ್ಲ, ಋಣವನ್ನೇ ಅಳಿಸಲಾಯಿತು. ಅಂದು ಬಿಡುಗಡೆ ಹೊಂದಿದ ಕೂಲಿಕಾರನ ಮೊಮ್ಮಗನನ್ನು ಇಂದು ಧರ್ಮದ ಹೆಸರಿನಲ್ಲಿ ಕೇಳಹೋಗುವುದು ಧರ್ಮವಲ್ಲ. ಬಡ್ಡಿಯ ರೂಪದಲ್ಲಿ ಅಸಲಿನ ಎರಡರಷ್ಟು ಆಗಲೇ ಸಂದಿದ್ದರೆ ಅಲ್ಲಿ ಉಳಿದಿರುವುದು ಋಣವಲ್ಲ, ಕಾಗದ. ಸಾಲವೆಂಬ ಹೆಸರು ಹೊತ್ತದ್ದೆಲ್ಲವೂ ಸಾಲವಾಗದು. ಆ ವಿವೇಚನೆ ಕೊಡತಕ್ಕವನಿಗಿಂತ ಕೇಳತಕ್ಕವನಿಗೆ ಮೊದಲು ಬೇಕು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಇನ್ನೊಬ್ಬ ಸಾಲಿಗನುಂಟು. ಮರ ಹತ್ತಿ ಕಾಯಿ ಕೆಡವಿದವನು, ಸುಲಿದವನು, ಚಿಪ್ಪು ಬಿಡಿಸಿ ಉಂಡೆ ತೆಗೆದವಳು. “ಕೊಬ್ಬರಿ ಮಾರಿದ ಮೇಲೆ ನೋಡೋಣ” ಎಂದು ಉಳಿಸಿಕೊಂಡ ಕೂಲಿಗೆ ಪತ್ರವೂ ಇಲ್ಲ, ಸಾಕ್ಷಿಯೂ ಇಲ್ಲ. ಕೂಲಿಯ ದಾವೆಗೂ ಮೂರು ವರ್ಷದ ಅವಧಿಯನ್ನು ಶಾಸನವು ಇಟ್ಟಿದೆಯಾದರೂ ಇನ್ನೂರು ರೂಪಾಯಿಯ ಬಾಕಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವವರಾರು? ಮೂರು ವರ್ಷವೇಕೆ, ಮೂರು ವಾರಕ್ಕೇ ಅದು ವಾಯಿದೆ ಮೀರುತ್ತದೆ. ಮಂಡಿಯ ಸಾಲವನ್ನು ಮಾನಕ್ಕಂಜಿ ತೀರಿಸಿದ ಯಜಮಾನನು ಈ ಬಾಕಿಯನ್ನು ನೆನಪಿಡದಿರುವುದು ಅಪೂರ್ವವೇನಲ್ಲ. ಕಾಯಕವನ್ನು ಪೂಜೆಯೆಂದು ಕೊಂಡಾಡುವ ನಾಲಗೆಗೆ ಪರರ ಕಾಯಕದ ಬಾಕಿಯು ಎಲ್ಲಕ್ಕಿಂತ ಹಿರಿಯ ಋಣವಾಗಿ ಕಾಣಬೇಕಾಗಿತ್ತು.

ಮತ್ತೊಂದು ಸೂಕ್ಷ್ಮವಿದೆ, ಹೇಳಲು ಸಂಕೋಚವಾದರೂ ಹೇಳಬೇಕಾದುದು. ಹಳೆಯ ಸಾಲವು ಮನಸ್ಸನ್ನು ಚುಚ್ಚಿದಾಗ ಕೆಲವರು ಅಷ್ಟು ಹಣವನ್ನು ಮಠಕ್ಕೋ ಜಾತ್ರೆಯ ದಾಸೋಹಕ್ಕೋ ಕೊಟ್ಟು ನೆಮ್ಮದಿ ಪಡೆಯುವರು. ಸಾಲಕೊಟ್ಟವನ ವಂಶದವರು ಹುಡುಕಿದರೂ ದೊರೆಯದಿದ್ದಲ್ಲಿ ಅದು ಸಲ್ಲಬಹುದು. ಆದರೆ ಕೊಟ್ಟವನ ಹೆಂಡತಿ ಪಕ್ಕದ ಕೇರಿಯಲ್ಲಿರುವಾಗ ಆಕೆಯ ಹಣವನ್ನು ಜಂಗಮಕ್ಕೆ ಸಲ್ಲಿಸಿದರೆ ಅದು ದಾಸೋಹವಾಗದು. ದಾಸೋಹವು ತನ್ನ ಕಾಯಕದಿಂದ ಬಂದುದರಲ್ಲಿ ನಡೆಯತಕ್ಕದ್ದು. ಪರರ ಸ್ವತ್ತಿನಿಂದ ಪ್ರಸಾದ ಮಾಡಿಸಿದವನ ಹೆಸರು ಫಲಕದಲ್ಲಿ ಬಂದೀತು. ಲೆಕ್ಕದ ಪುಸ್ತಕದಲ್ಲಿ ಆ ಬಾಕಿಯ ಸಾಲು ಹಾಗೆಯೇ ಇರುವುದು.

ಕೆಂಕೆರೆಯ ಆ ಮಗನಿಗೆ ಇಪ್ಪತ್ತು ಸಾವಿರವನ್ನು ಒಮ್ಮೆಗೇ ಒದಗಿಸುವ ಶಕ್ತಿ ಇಲ್ಲದಿರಬಹುದು. ಈ ಸಾಲಿನ ಕೊಬ್ಬರಿಯಲ್ಲಿ ಇಷ್ಟು, ಬರುವ ಸಾಲಿನಲ್ಲಿ ಇಷ್ಟು ಎಂದು ಆ ತಾಯಿಯ ಬಾಗಿಲಿಗೆ ಹೋಗಿ ಹೇಳುವುದಕ್ಕೆ ಯಾವ ಅಧಿನಿಯಮದ ಅಡ್ಡಿಯೂ ಇಲ್ಲ. ಬಡ್ಡಿಯ ಮಾತನ್ನು ಆಕೆಗೇ ಬಿಡಬಹುದು, ಬೇಡವೆಂದರೆ ಬೇಡ. ಆಕೆಯ ಮಗನು ಅಚ್ಚರಿಯಿಂದ, “ಇದನ್ನು ನಾವು ಕೇಳಿರಲಿಲ್ಲವಲ್ಲ!” ಎಂದಾಗ ಲೆಕ್ಕದ ಪುಸ್ತಕವನ್ನು ಬಿಚ್ಚಿ ತಂದೆಯ ಕೈಬರಹವನ್ನು ತೋರಿಸಿದರಾಯಿತು.