ಬೇರೆಯವರು ಕೂತೆದ್ದ ಕುರ್ಚಿ

ಕಚೇರಿಯ ದಾಸ್ತಾನು ಪುಸ್ತಕದಲ್ಲಿ, ಟೆಂಡರು ಪ್ರಕಟಣೆಯಲ್ಲಿ ಕುರ್ಚಿ, ಮೇಜು, ಬೀರು, ಮಂಚ ಎಲ್ಲಕ್ಕೂ ಸೇರಿಸಿ ಒಂದೇ ಪದ ಬರೆಯುತ್ತಾರೆ: ಪೀಠೋಪಕರಣ. ಬಾಯಿಮಾತಿನಲ್ಲಿ ನಾವೆಲ್ಲ ಫರ್ನಿಚರ್ ಎನ್ನುವವರೇ. ಆದರೆ ಈ ಪದದ ಮೊದಲ ತುಂಡು ಕೂಡ್ಲಿಗಿ, ಕೊಟ್ಟೂರು ಸೀಮೆಯವರ ಕಿವಿಗೆ ಬೇರೆಯೇ ಅರ್ಥದಲ್ಲಿ ಬೀಳುತ್ತದೆ. ಅಲ್ಲಿ ಪೀಠ ಅಂದರೆ ಉಜ್ಜಿನಿ, ವೀರಶೈವರ ಪಂಚಪೀಠಗಳಲ್ಲಿ ಒಂದು. ಗದ್ದುಗೆ ಅಂದರೆ ಕೊಟ್ಟೂರೇಶ್ವರನ ಗದ್ದುಗೆ. ಗದ್ದುಗೆಗೆ ಕೂರುವ ಆಸನ ಎಂಬ ಅರ್ಥವೂ ಇದೆ, ಐಕ್ಯವಾದವರ ಸಮಾಧಿ ಎಂಬ ಅರ್ಥವೂ ಇದೆ. ಚುನಾವಣೆ ಗೆದ್ದವರು ಏರುವುದೂ ಗದ್ದುಗೆಯನ್ನೇ. ಗುರು ಕೂರುವ ಜಾಗಕ್ಕೂ ಗುಮಾಸ್ತ ಕೂರುವ ಕುರ್ಚಿಗೂ ಒಂದೇ ಮಾತು ಸಲ್ಲುವ ಭಾಷೆಯಲ್ಲಿ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೂತವರು ಎದ್ದುಹೋದ ಮೇಲೆ ಅವರದೇನಾದರೂ ಆ ಮರಕ್ಕೆ ಅಂಟಿಕೊಂಡು ಉಳಿಯುತ್ತದೆಯೇ? ಪುಣ್ಯವಾಗಲಿ, ಪಾಪವಾಗಲಿ, ಮೈಲಿಗೆಯಾಗಲಿ, ಹಿರಿಮೆಯಾಗಲಿ?

ಈ ಪ್ರಶ್ನೆ ಇವತ್ತು ಹಳೆಯ ಪೀಠೋಪಕರಣದ ಸುತ್ತ ಎರಡು ಕಡೆಯಿಂದ ಎದ್ದು ಬರುತ್ತಿದೆ. ಒಂದು ಕಡೆ ಭಯ. ಹಿರಿಯರು ಕೊನೆಯುಸಿರೆಳೆದ ಮಂಚವನ್ನು ಮನೆಯೊಳಗೆ ಇಟ್ಟುಕೊಳ್ಳಲು ಎಷ್ಟೋ ಮನೆಗಳಲ್ಲಿ ಅಳುಕುತ್ತಾರೆ. ಹಿತ್ತಲಿಗೆ ಹಾಕುತ್ತಾರೆ, ಯಾರಿಗಾದರೂ ಕೊಟ್ಟುಬಿಡುತ್ತಾರೆ. ಯಾರದೋ ಮನೆಯ ಹಳೇ ಕುರ್ಚಿ ತಂದರೆ ಅವರ ಕಷ್ಟವೂ ಜೊತೆಗೆ ಬರುತ್ತದೆಂದು ಹೇಳುವವರಿದ್ದಾರೆ. ಇನ್ನೊಂದು ಕಡೆ ಮೋಹ. 1950, 60ರ ದಶಕದ ಸಾಗುವಾನಿ ಕುರ್ಚಿ, ಕೆಳಗೆ ಹೋದಂತೆ ಸಣ್ಣಗಾಗುವ ಕಾಲಿನ ರೇಡಿಯೋ ಮೇಜು, ಬೆತ್ತದ ಬೆನ್ನಿನ ಆರಾಮ ಕುರ್ಚಿ ಇವೆಲ್ಲ ಬೆಂಗಳೂರಿನ ಅಂಗಡಿಗಳಲ್ಲಿ ಹೊಸದಕ್ಕಿಂತ ಹೆಚ್ಚು ಬೆಲೆಗೆ ಹೋಗುತ್ತಿವೆ. ಅವುಗಳಲ್ಲಿ ಬಳ್ಳಿ, ಸಿಂಹಮುಖದ ಕೆತ್ತನೆಯಿಲ್ಲ. ಹಗುರ, ನೇರ ಗೆರೆ, ಗಾಳಿಯಾಡುವ ಬೆತ್ತ. ಏಪ್ರಿಲ್ ತಿಂಗಳ ಹಡಗಲಿಯ ಸೆಕೆಯಲ್ಲಿ ಸ್ಪಂಜಿನ ಸೋಫಾದ ಮೇಲೆ ಕೂತವರಿಗೆ ಬೆತ್ತದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮಾರುವವರು ಮೊದಲು ಹೇಳುವುದು ಸೆಕೆಯ ಮಾತನ್ನಲ್ಲ. ಯಾರ ಬಂಗಲೆಯಲ್ಲಿತ್ತು, ಯಾವ ದಿವಾನರ ಮನೆತನದ್ದು, ಯಾವ ದೊಡ್ಡ ವಿನ್ಯಾಸಕಾರ ರೂಪಿಸಿದ್ದು ಎಂಬುದನ್ನು.

ಈ ಭಯ, ಈ ಮೋಹ ಎರಡೂ ಒಂದೇ ನಂಬಿಕೆಯ ಎರಡು ಮುಖ ಎಂಬುದು ನನ್ನ ವಾದ. ಸತ್ತವರ ಮಂಚವನ್ನು ಹೊರಗೆ ಹಾಕುವವರೂ ದೊಡ್ಡವರ ಕುರ್ಚಿಗೆ ಲಕ್ಷ ಸುರಿಯುವವರೂ, ಮನುಷ್ಯನ ಸತ್ವ ಮರಕ್ಕೆ ಇಳಿದು ನಿಲ್ಲುತ್ತದೆ ಎಂದೇ ನಂಬಿದ್ದಾರೆ. ಒಬ್ಬರಿಗೆ ಅದು ಸೂತಕ, ಇನ್ನೊಬ್ಬರಿಗೆ ಅದು ಪ್ರಸಾದ. ಇದಕ್ಕೆ ಉತ್ತರ ಹುಡುಕಿಕೊಂಡು ಕೂಡ್ಲಿಗಿ, ಹರಪನಹಳ್ಳಿ ಕಡೆಯವರು ದೂರ ಹೋಗಬೇಕಿಲ್ಲ. ವೀರಶೈವ ಲಿಂಗಾಯತ ಸಂಪ್ರದಾಯ ಐದು ಸೂತಕಗಳನ್ನು ಹೆಸರಿಟ್ಟು ಅಲ್ಲಗಳೆದಿದೆ: ಜನನ, ಮರಣ, ರಜಸ್ಸು, ಎಂಜಲು, ಜಾತಿ. ಇಷ್ಟಲಿಂಗ ಧರಿಸಿದವರಿಗೆ ಈ ಐದೂ ಇಲ್ಲ. ಅದು ಬರೀ ಗ್ರಂಥದ ಮಾತಾಗಿ ಉಳಿದಿಲ್ಲ, ಆಚರಣೆಯಲ್ಲೂ ಕಾಣುತ್ತದೆ. ತೀರಿಕೊಂಡವರನ್ನು ಮಲಗಿಸದೆ ಕೂರಿಸುತ್ತಾರೆ, ವಿಭೂತಿ ಹಚ್ಚಿ ಹೂವು ಏರಿಸುತ್ತಾರೆ, ವಿಮಾನ ಎನ್ನುವ ಚಟ್ಟದಲ್ಲಿ ಕೂತ ಭಂಗಿಯಲ್ಲೇ ಒಯ್ದು ಸಮಾಧಿಯಲ್ಲೂ ಹಾಗೆಯೇ ಕೂರಿಸುತ್ತಾರೆ. ದೇಹವೇ ಮೈಲಿಗೆಯಲ್ಲ ಎಂದು ಮುಟ್ಟಿ, ಎತ್ತಿ, ಕೂರಿಸುವ ಮನೆಯವರು ಆ ದೇಹ ಮಲಗಿದ್ದ ಮಂಚಕ್ಕೆ ಹೆದರುವುದು ಯಾವ ನ್ಯಾಯ? ಮರಣಸೂತಕ, ಎಂಜಲುಸೂತಕ ಇಲ್ಲವೆಂದ ಮೇಲೆ ಬೇರೆಯವರು ಬಳಸಿಬಿಟ್ಟ ಕುರ್ಚಿ ಎಂಜಲಾಗುವುದು ಹೇಗೆ?

ಈ ಐದರಲ್ಲಿ ಕೊನೆಯದು ಜಾತಿಸೂತಕ. ಅದನ್ನು ಉಳಿದ ನಾಲ್ಕರಿಂದ ಬೇರೆಮಾಡಲು ಬರುವುದಿಲ್ಲ. ಕೂತವರ ಗುಣ ಕೂತ ಜಾಗಕ್ಕೆ ಅಂಟುತ್ತದೆ ಎಂಬ ನಂಬಿಕೆ ಈ ದೇಶದಲ್ಲಿ ಮಾಡಿದ ಅನಾಹುತ ಮಂಚ ಹೊರಗಿಡುವಷ್ಟಕ್ಕೆ ನಿಂತಿಲ್ಲ. ಅಂಬೇಡ್ಕರ್ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದಿಟ್ಟಿದ್ದಾರೆ. ತರಗತಿಯ ಮೂಲೆಯಲ್ಲಿ ಅವರು ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ಸಂಜೆ ಅದನ್ನು ಮನೆಗೆ ಹೊತ್ತೊಯ್ದು ಮರುದಿನ ಮತ್ತೆ ತರಬೇಕಿತ್ತು. ಒಂದು ಮಗುವಿನ ಆಸನ ಮುಟ್ಟಬಾರದ ವಸ್ತುವಾಯಿತು, ಏಕೆಂದರೆ ಕೂತವನು ಅದರಲ್ಲಿ ಉಳಿದುಕೊಂಡಿದ್ದಾನೆ ಎಂದು ದೊಡ್ಡವರು ನಂಬಿದ್ದರು. ಅದೇ ಅಂಬೇಡ್ಕರ್ ಕರಡು ಸಮಿತಿಯ ಅಧ್ಯಕ್ಷರಾಗಿ ಕಟ್ಟಿಕೊಟ್ಟ ಸಂವಿಧಾನ 1950ರಲ್ಲಿ ಜಾರಿಗೆ ಬಂತು, ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಇವತ್ತು ಅಪರೂಪವೆಂದು ಕೊಳ್ಳುತ್ತಿರುವ ಕುರ್ಚಿಗಳು ಅದೇ ಕಾಲದವು. ಅವುಗಳಲ್ಲಿ ಹಲವು ಹೊಸ ಶಾಲೆ, ಹೊಸ ಕಚೇರಿ, ಹೊಸ ಆಸ್ಪತ್ರೆಗಳಿಗೆ ಸಾವಿರಗಟ್ಟಲೆ ಬೇಕಾಗಿ, ಯಾರು ಬೇಕಾದರೂ ಕೂರಲೆಂದು ಮಾಡಿದವು. ಅವುಗಳ ಮೈಮೇಲೆ ಕೆತ್ತನೆಯಿಲ್ಲದಿರಲು ಅದೂ ಒಂದು ಕಾರಣ. ಕುರ್ಚಿಯ ಎತ್ತರ, ಕೆತ್ತನೆ, ಕೈಹಿಡಿಯ ಅಗಲ ಇವೆಲ್ಲ ಕೂರುವವನ ದರ್ಜೆಯನ್ನು ಸಾರುತ್ತಿದ್ದ ಕಾಲ ಮುಗಿಯಬೇಕೆಂಬ ಆಸೆಯನ್ನು ಅವುಗಳ ಸರಳ ರೂಪದಲ್ಲಿ ಓದಿಕೊಳ್ಳಬಹುದು.

ಇದಕ್ಕೆ ನಮ್ಮ ದೇಶದಲ್ಲೇ ಸಿಗುವ ದೊಡ್ಡ ಉದಾಹರಣೆ ಚಂಡೀಗಢ. ಹೊಸ ರಾಜಧಾನಿ ಕಟ್ಟಲು ಬಂದ ವಾಸ್ತುಶಿಲ್ಪಿ ಪಿಯರ್ ಜೆನರೆ 1951ರಿಂದ 1965ರವರೆಗೆ ಅಲ್ಲಿದ್ದು, ಸಂಗಡಿಗರೊಂದಿಗೆ ಸಾಗುವಾನಿ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದರು. ಮಾಡಿದ್ದು ಸ್ಥಳೀಯ ಬಡಗಿಗಳು, ಒಂದಲ್ಲ ಹಲವು ಕಾರ್ಖಾನೆಗಳಲ್ಲಿ. ಮುಂದೆ ಅವು ಹಳತಾದಾಗ ಕಚೇರಿಗಳು ಗುಜರಿಯ ಬೆಲೆಗೆ ಹರಾಜು ಹಾಕಿದವು. ಕೊಂಡವರು ಹೊರದೇಶಕ್ಕೆ ಒಯ್ದು ಲಕ್ಷಗಟ್ಟಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟಕ್ಕೆ ತಡೆಹಾಕುವ ಹೊತ್ತಿಗೆ ಬಹಳಷ್ಟು ಹೋಗಿಯಾಗಿತ್ತು. ಇಲ್ಲಿ ಗಮನಿಸಬೇಕಾದ ಒಂದು ಸಣ್ಣ ವಿವರವಿದೆ. ಇಲಾಖೆಯವರು ಲೆಕ್ಕಕ್ಕೆಂದು ಕುರ್ಚಿಯ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ ಮತ್ತು ಸಂಖ್ಯೆ ಇವತ್ತು ಹರಾಜುಕಟ್ಟೆಯಲ್ಲಿ ಅಸಲಿತನದ ಗುರುತು. ನಕಲಿಗಳೂ ಧಾರಾಳವಾಗಿ ಬಂದಿವೆ. ಅದೇ ಸಾಗುವಾನಿ, ಅದೇ ಕೋನ, ಅದೇ ಬೆತ್ತ. ಕಣ್ಣುಮುಚ್ಚಿ ಕೂತರೆ ಬೆನ್ನಿಗೆ ವ್ಯತ್ಯಾಸವೇ ತಿಳಿಯದಂಥವು. ಆದರೂ ಆ ಸಂಖ್ಯೆ ಸುಳ್ಳೆಂದು ಗೊತ್ತಾದ ಗಳಿಗೆಯಲ್ಲಿ ಬೆಲೆ ನೆಲಕ್ಕೆ ಬೀಳುತ್ತದೆ. ಅಂದಮೇಲೆ ಕೊಟ್ಟ ಹಣ ಮರಕ್ಕಲ್ಲ, ಕೂರುವ ಸುಖಕ್ಕಲ್ಲ, ರೂಪದ ಚೆಲುವಿಗೂ ಅಲ್ಲ. ಕಣ್ಣಿಗೆ ಕಾಣದ, ಕೈಗೆ ಸಿಗದ ಯಾವುದೋ ಒಂದು ಅಂಟಿಗೆ. ಶಾಲೆಯ ಆಳು ಗೋಣಿತಟ್ಟನ್ನು ಮುಟ್ಟದೆ ಬಿಟ್ಟದ್ದೂ ಅಂಥದೇ ಅಂಟಿಗೆ ಹೆದರಿ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪ ಬರುತ್ತದೆ. ಮರಕ್ಕೆ ಮೈಲಿಗೆ ಅಂಟುವುದಿಲ್ಲ ಎನ್ನುವುದಾದರೆ ಪಾವಿತ್ರ್ಯವೂ ಅಂಟಬಾರದು. ಹಾಗಾದರೆ ಉಜ್ಜಿನಿಯ ಪೀಠ, ಕೊಟ್ಟೂರಿನ ಗದ್ದುಗೆ, ತೇರು ಇವುಗಳಿಗೆ ಕೈಮುಗಿಯುವುದು ಏಕೆ? ಹಗುರವಾಗಿ ತಳ್ಳಿಹಾಕುವ ಮಾತಲ್ಲ ಇದು. ಪೀಠದ ವಿಚಾರದಲ್ಲಿ ಉತ್ತರ ಸುಲಭ. ಪೀಠ ಎನ್ನುವುದು ಒಂದು ಆಸನಕ್ಕಿಂತ ಒಂದು ಪರಂಪರೆ. ಒಬ್ಬರು ಎದ್ದರೆ ಇನ್ನೊಬ್ಬರು ಕೂರಲೇಬೇಕು, ಬೋಧೆ ಮುಂದುವರಿಯಲೇಬೇಕು. ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಏರಿದ ಆಸನಕ್ಕೆ ಪರಂಪರೆ ಇಟ್ಟ ಹೆಸರು ಶೂನ್ಯಸಿಂಹಾಸನ. ಕೂತವನನ್ನು ಹಿಡಿದಿಟ್ಟುಕೊಳ್ಳದ ಆಸನವೇ ಎಲ್ಲಕ್ಕಿಂತ ದೊಡ್ಡದು ಎಂಬ ತಿಳಿವು ಆ ಹೆಸರಿನಲ್ಲೇ ಇದೆ. ತೇರಿನ ವಿಚಾರ ಇನ್ನೂ ಸ್ಪಷ್ಟ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ತೇರು ಎಳೆಯುತ್ತಿರುವಾಗಲೇ ಗಾಲಿಯ ಅಚ್ಚು ಮುರಿದು, ಲಕ್ಷಾಂತರ ಜನರ ಕಣ್ಣೆದುರು ಉರುಳಿಬಿತ್ತು. ಅಪಶಕುನವೆಂದು ಜನ ಮರುಗಿದರು, ಅತ್ತರು. ಆಮೇಲೆ ಹೊಸ ಮರ ತಂದು ಹೊಸ ತೇರು ಕಟ್ಟಿದರು. ಪಾವಿತ್ರ್ಯ ಹಳೆಯ ಮರದೊಳಗೇ ಇದ್ದಿದ್ದರೆ ಅದು ಆವತ್ತೇ ತುಂಡಾಗಿ ನೆಲಕ್ಕೆ ಬಿದ್ದು ಮುಗಿಯಬೇಕಿತ್ತು. ಹಾಗಾಗಲಿಲ್ಲ. ತೇರು ಹೊರಡುವ ಮುನ್ನ ದಲಿತ ಹೆಣ್ಣುಮಕ್ಕಳು ಬೆಳಗುವ ಆರತಿ, ಮಿಣಿಗೆ ಕೈಹಾಕುವ ಜನ, ಎಸೆಯುವ ಬಾಳೆಹಣ್ಣು ಇವೆಲ್ಲ ಕೂಡಿದಾಗ ಹೊಸ ಮರವೂ ಹಳೆಯ ತೇರೇ. ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಭಿಕ್ಷು ನಾಗಸೇನ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಮಿಲಿಂದ ರಾಜನನ್ನು ಒಂದೊಂದಾಗಿ ಕೇಳಿ ಒಪ್ಪಿಸಿದ್ದೂ ಇದನ್ನೇ. ಗದ್ದುಗೆಯ ಮಾತು ಮಾತ್ರ ಸ್ವಲ್ಪ ಬೇರೆ. ಅಲ್ಲಿ ಒಂದು ನೆನಪಿಗೆ ನೆಲೆ ಇದೆ, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಬೆಲೆ ಕಟ್ಟಲು ಯಾರಿಗೂ ಬರುವುದಿಲ್ಲ, ಹೊತ್ತೊಯ್ಯಲೂ ಬರುವುದಿಲ್ಲ.

ನೆನಪಿನ ಮಾತು ಬಂದಿತು, ಅದನ್ನೂ ಎದುರಿಸಬೇಕು. ಅಜ್ಜ ಕೂರುತ್ತಿದ್ದ ಕುರ್ಚಿಯ ಕೈಹಿಡಿಯಲ್ಲಿ ಮೊಣಕೈ ಊರಿದ ಕಡೆ ಪಾಲಿಶ್ ಹೋಗಿ ಮರ ನುಣುಪಾಗಿ ಸವೆದಿರುತ್ತದೆ. ಅಲ್ಲಿ ಅಜ್ಜ ಉಳಿದಿಲ್ಲವೇ? ಉಳಿದಿರುವುದು ಅವರ ಗುರುತು. ಗುರುತಿಗೂ ಅಂಟಿಗೂ ಬಹಳ ವ್ಯತ್ಯಾಸವಿದೆ. ಗುರುತನ್ನು ಯಾರು ಬೇಕಾದರೂ ಓದಬಹುದು. ಇಲ್ಲಿ ಒಬ್ಬರು ಬಹಳ ವರ್ಷ ಬಲಗಡೆಗೆ ವಾಲಿ ಕೂತಿದ್ದರು ಎಂದು ಅಪರಿಚಿತರೂ ಬೆರಳಾಡಿಸಿ ತಿಳಿಯಬಹುದು. ಅಂಟಿಗೆ ಕಾಗದಪತ್ರ ಬೇಕು, ಹೇಳುವವರ ಮಾತು ಬೇಕು. ಬಯಲುಸೀಮೆಯಲ್ಲಿ ಹಳೆಯ ಮನೆ ಕೆಡವಿದಾಗ ಕಂಬ, ತೊಲೆ, ಬಾಗಿಲ ಚೌಕಟ್ಟು ತಂದು ಹೊಸ ಮನೆಗೆ ಹಾಕಿಕೊಳ್ಳುವುದು ರೂಢಿ. ಎಷ್ಟು ಬಾಣಂತನ, ಎಷ್ಟು ಸಾವು ಕಂಡಿದೆಯೋ ಆ ಹೊಸ್ತಿಲು. ಮರ ಗಟ್ಟಿಯಿದೆಯೇ, ಹುಳು ಬಿದ್ದಿದೆಯೇ ಎಂದು ಬಡಿಗೇರರು ತಟ್ಟಿ ನೋಡುತ್ತಾರೆ, ಅಷ್ಟೇ. ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎಂಬ ಗಾದೆ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆಗೆ ಹೇಳಿದ ಮಾತು ಹಳೆಯ ಕುರ್ಚಿ ಕೊಳ್ಳುವವರಿಗೂ ಸಲ್ಲುತ್ತದೆ. ತಲೆಕೆಳಗು ಮಾಡಿ ಒಳಗೆ ನೋಡಬೇಕು: ಕಾಲಿನ ತುದಿಯನ್ನು ಚೌಕಟ್ಟಿನ ತೂತಿನೊಳಗೆ ಬಿಗಿಯಾಗಿ ಕೂರಿಸಿದ್ದಾರೋ, ಮೊಳೆ ಹೊಡೆದು ಕೆಲಸ ಮುಗಿಸಿದ್ದಾರೋ?

ಉಳಿದಿರುವುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಹಳೇ ಸಾಗುವಾನಿಯ ಮಾತು ಉಳ್ಳವರಿಗೆ. ಬಡವರನ್ನು ನೆಲದಿಂದ ಎತ್ತಿ ಕೂರಿಸಿದ್ದು ಪ್ಲಾಸ್ಟಿಕ್ ಕುರ್ಚಿ. ಇದು ನಿಜ. ಮದುವೆ ಚಪ್ಪರದಲ್ಲಿ, ಪಂಚಾಯಿತಿ ಸಭೆಯಲ್ಲಿ, ಚಹದಂಗಡಿಯಲ್ಲಿ ಎಲ್ಲ ಜಾತಿಯವರೂ ಒಂದೇ ಎತ್ತರದಲ್ಲಿ, ಒಂದೇ ಬಣ್ಣದ ಕುರ್ಚಿಯಲ್ಲಿ ಕೂರುವಂತಾದದ್ದರಲ್ಲಿ ಅದರ ಪಾಲು ದೊಡ್ಡದು. ಕೂತವರ ಗುರುತೂ ಉಳಿಯದ ಕುರ್ಚಿ ಅದು. ನನ್ನ ವಾದಕ್ಕೆ ಅದೇ ಒಳ್ಳೆಯ ಸಾಕ್ಷಿ ಎಂದರೂ ಒಪ್ಪುತ್ತೇನೆ. ಆದರೆ ಒಂದು ಕಾಲು ಮುರಿದರೆ ಅದರ ಕಥೆ ಮುಗಿಯಿತು, ಅದರಿಂದ ಯಾರಿಗೂ ಕಾಯಕ ಹುಟ್ಟುವುದಿಲ್ಲ. ಬೆತ್ತದ ಕುರ್ಚಿಯ ಲೆಕ್ಕ ಬೇರೆ. ಬಿದಿರು ಸೀಳಿ ಬುಟ್ಟಿ ಹೆಣೆದ ಕೇತಯ್ಯನನ್ನು ಮೇದಾರ ಕೇತಯ್ಯ ಎಂದು ಕಾಯಕದ ಹೆಸರಿನಿಂದಲೇ ನೆನೆಯುವ ನಾಡು ಇದು. ಕುರ್ಚಿಯ ಬೆತ್ತ ಹೆಣೆಯುವುದು ನಮ್ಮ ದೇಶದಲ್ಲಿ ಅಂಧರ ಶಾಲೆಗಳು ಬಹುಕಾಲ ಕಲಿಸುತ್ತ ಬಂದ ಕಸುಬು. ಬೆತ್ತವನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಉದ್ದಕ್ಕೆ ಎರಡು ಎಳೆ, ಅಡ್ಡಕ್ಕೆ ಎರಡು ಎಳೆ, ಕೊನೆಗೆ ಎರಡೂ ಕಡೆಯಿಂದ ಓರೆಯಾಗಿ ಒಂದೊಂದು ಎಳೆ ಎಳೆದಾಗ ನಡುವೆ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಕಣ್ಣು ಕಾಣದ ಬೆರಳು ಆ ಕಣ್ಣುಗಳನ್ನು ಒಂದೊಂದಾಗಿ ಎಣಿಸುತ್ತ ಸಾಗುತ್ತದೆ. ಕೂತು ಕೂತು ಬೆತ್ತ ಹರಿದರೆ ಮತ್ತೆ ಹೆಣೆಯಬಹುದು; ಹಾಗಾಗಿ ಒಂದು ಚೌಕಟ್ಟು ಮೂರು ತಲೆಮಾರು ಬಾಳುತ್ತದೆ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಇಷ್ಟು ಸಲ ಬದಲಾದ ಮೇಲೂ ಅಲ್ಲಿನ ಯಾವುದಾದರೂ ಕಚೇರಿಯ ಮೂಲೆಯಲ್ಲಿ, ಹಗರಿಬೊಮ್ಮನಹಳ್ಳಿಯ ಯಾವುದಾದರೂ ಹಳೆಯ ಶಾಲೆಯ ಉಗ್ರಾಣದಲ್ಲಿ ಬೆನ್ನ ಮೇಲೆ ಬಣ್ಣದ ಸಂಖ್ಯೆ ಹೊತ್ತ ಸಾಗುವಾನಿ ಕುರ್ಚಿ ಇನ್ನೂ ಉಳಿದಿದ್ದರೆ, ಹರಾಜಿನ ಪಟ್ಟಿಗೆ ಸೇರಿಸುವ ಮುನ್ನ ಅದನ್ನೊಮ್ಮೆ ಬಡಿಗೇರರ ಅಂಗಡಿಗೆ ಕಳಿಸಬೇಕು. ಆ ಸಂಖ್ಯೆಯನ್ನು ಕೆರೆದು ಅಳಿಸುವುದು ಬೇಡ, ಗಾಜಿನ ಪೆಟ್ಟಿಗೆಯಲ್ಲಿಡುವುದೂ ಬೇಡ. ಸಡಿಲವಾದ ಕಾಲು ಬಿಗಿಮಾಡಿ, ಹೊಸ ಬೆತ್ತ ಹೆಣೆಸಿ, ಪಹಣಿಗೋ ಪಿಂಚಣಿಗೋ ಬಂದು ಕೌಂಟರಿನ ಮುಂದೆ ನಿಂತೇ ಇರುವ ಮುದುಕಿಯ ಹತ್ತಿರ ಅದನ್ನು ಎಳೆದು ಹಾಕಿದರೆ ಆಯಿತು.